ಒಡೆಯಲಿರುವ ಅಡುಗೆಕಟ್ಟೆ

ಹಲಸೂರಿನ ನಮ್ಮ ಮನೆ ಇದ್ದದ್ದು ಮೂರನೇ ಮಹಡಿಯಲ್ಲಿ. ಲಿಫ್ಟ್ ಇಲ್ಲ. ಹೆಂಡತಿಯ ಮಂಡಿಗಳು ಸವೆದು, ಅವಳು ಕೆಳಗಿಳಿಯುವುದೆಂದರೆ ಆಸ್ಪತ್ರೆಗೆ ಮಾತ್ರ ಎಂಬಂತಾಗಿತ್ತು. ಅದನ್ನು ಮಾರಿ ಗರುಡಾಚಾರ್‌ಪಾಳ್ಯದಲ್ಲಿ ನೆಲಮಹಡಿಯ ಮನೆಯೊಂದನ್ನು ಕೊಳ್ಳಲು ಹೊರಟೆವು. ಅಲ್ಲಿ ಬಾಗಿಲು ತೆರೆದರೆ ಚಿಕ್ಕ ಅಂಗಳ, ಒಂದು ಸೀಬೆಗಿಡ. ಯಾರ ಕೈಯೂ ಹಿಡಿಯದೆ ಹೊಸಿಲು ದಾಟಿ ಹೊರಗೆ ನಿಂತರೆ ಸಾಕು ಅನ್ನುತ್ತಿದ್ದಳು.

ಬಾಗಿಲ ಮೇಲಿದ್ದ ಕುರಾನಿನ ಸಾಲಿನ ಫ್ರೇಮನ್ನು ತೆಗೆದಿಡಿ ಎಂದು ಬ್ರೋಕರ್ ಮೊದಲ ದಿನವೇ ಹೇಳಿದ್ದ. ತೆಗೆದಿಟ್ಟೆ. ಮನೆಪತ್ರದಲ್ಲಿದ್ದ ನನ್ನ ಹೆಸರನ್ನು ಎಲ್ಲಿ ತೆಗೆದಿಡಲಿ?

ನೋಡಲು ಬಂದವರಿಗೆಲ್ಲ ಮನೆ ಹಿಡಿಸುತ್ತಿತ್ತು. ಪೂರ್ವದ ಬಾಗಿಲು, ಗಾಳಿ, ಬೆಳಕು, ಹತ್ತಿರದಲ್ಲೇ ಮೆಟ್ರೋ. ಪರದೆ ಎಲ್ಲಿ ಹಾಕುವುದೆಂದು ಅಳತೆ ಮಾಡಿಕೊಂಡವರೂ ಇದ್ದರು. ಹೊರಡುವಾಗ ಹೆಸರು ಕೇಳುತ್ತಿದ್ದರು. ಹೇಳಿದ ಮೇಲೆ ಒಂದು ಮೆಚ್ಚುಗೆ: ನೀವು ಎಷ್ಟು ಚೆನ್ನಾಗಿ ಕನ್ನಡ ಮಾತಾಡ್ತೀರಾ. ಶಿವಾಜಿನಗರದ ಶಾಲೆಯಲ್ಲಿ ಮಕ್ಕಳಿಗೆ ಕನ್ನಡ ಕಲಿಸಿಯೇ ತಲೆ ನರೆತವನು ನಾನು. ಆದರೂ ಥ್ಯಾಂಕ್ಸ್ ಅನ್ನುತ್ತಿದ್ದೆ. ಆ ಹೊಗಳಿಕೆ ಬಂತೆಂದರೆ ವ್ಯಾಪಾರ ಕೆಟ್ಟಿತೆಂದೇ ಅರ್ಥ. ಮರುದಿನದಿಂದ ಅವರು ಫೋನ್ ಎತ್ತುತ್ತಿರಲಿಲ್ಲ. ಹೀಗೇ ವರ್ಷ ಕಳೆಯಿತು. ಮೊದಮೊದಲು ಸಿಟ್ಟು ಬರುತ್ತಿತ್ತು, ಕೊನೆಕೊನೆಗೆ ಆಕಳಿಕೆ. ಗರುಡಾಚಾರ್‌ಪಾಳ್ಯದ ಮಾಲೀಕರೂ, ಇನ್ನು ಕಾಯೋಕಾಗಲ್ಲ, ಬೇರೆಯವರಿಗೆ ಕೊಟ್ಟುಬಿಡುತ್ತೇವೆ ಎಂದು ಹೇಳಿ ಕಳಿಸಿದರು.

ಆಗ ಬಂದವರು ಇಂದಿರಾನಗರದಲ್ಲಿ ಬಾಡಿಗೆಗಿದ್ದ ಗಂಡ ಹೆಂಡತಿ. ಹೆಸರು ಕೇಳಿಯೂ ಅವರು ಎದ್ದು ಹೋಗಲಿಲ್ಲ. ಗಂಡ ಒಳ್ಳೆಯ ಮಾತಿನವನು, ಮೆತ್ತಗೆ ಹೇಳಿದ:

"ಬೇಜಾರ್ ಮಾಡ್ಕೋಬೇಡಿ ಸರ್. ಮನೆ ನಮಗೆ ಇಷ್ಟ ಆಗಿದೆ. ಆದ್ರೆ ನಿಮ್ಮೋರು ಅಡುಗೆ ಮಾಡಿರೋ ಕಿಚನ್ನಲ್ಲಿ ನಮ್ಮಮ್ಮ ಒಂದ್ಲೋಟ ನೀರೂ ಕುಡಿಯಲ್ಲ. ಕಟ್ಟೆ, ಸಿಂಕು ಎಲ್ಲಾ ಒಡ್ಸಿ ಹೊಸದಾಗಿ ಮಾಡಿಸ್ಬೇಕು. ಆ ಖರ್ಚನ್ನ ನೀವು ರೇಟಲ್ಲಿ ಬಿಟ್ಕೊಡ್ಬೇಕು."

ಮೈ ಉರಿದುಹೋಯಿತು. ಎದ್ದು ಹೋಗಿ ಅನ್ನಲು ಬಾಯಿ ತೆರೆದೆ. ಹೆಂಡತಿ ಅಡುಗೆಮನೆಯ ಬಾಗಿಲ ಚೌಕಟ್ಟನ್ನು ಹಿಡಿದು ನಿಂತಿದ್ದಳು, ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ನನ್ನ ಮುಖ ನೋಡಿ, ಒಪ್ಪಿಕೋ ಎಂಬಂತೆ ತಲೆಯಾಡಿಸಿದಳು. ಆಗಲಿ ಅಂದೆ. ಅಷ್ಟು ಹೇಳುವಷ್ಟರಲ್ಲಿ ನನಗೆ ಸಾಕುಸಾಕಾಗಿತ್ತು. ಅವರು ಕೈಮುಗಿದು, ಇಟ್ಟಿದ್ದ ಟೀ ಮುಟ್ಟದೆ ಹೋದರು.

ಮನೆ ಬಿಡುವ ದಿನ ಸಾಮಾನಿನ ಲಾರಿ ಮುಂದೆ ಹೋಗಿತ್ತು. ಬೀಗದ ಕೈ ಹಿಡಿದು ಅವಳನ್ನು ಕರೆದೆ. ಒಳಗೆ ಹೋದರೆ, ಒಂದು ಕೈಯನ್ನು ಕಟ್ಟೆಗೆ ಊರಿ, ಇನ್ನೊಂದು ಕೈಯಲ್ಲಿ ಗ್ರಾನೈಟ್ ತಿಕ್ಕುತ್ತಿದ್ದಳು. ಸಿಂಕು, ನಲ್ಲಿ, ಒಲೆಯ ಹಿಂದಿನ ಟೈಲ್ಸು ಆಗಲೇ ಮಿರಿಮಿರಿ ಮಿಂಚುತ್ತಿದ್ದವು.

ನಾಳೆ ಒಡೆಯುವುದನ್ನು ಇವತ್ತು ಯಾಕೆ ತೊಳೆಯುತ್ತೀಯೆಂದು ರೇಗಿದೆ. ಅವಳು ತಿರುಗಿಯೂ ನೋಡದೆ ನಮ್ಮ ದಖನಿ ಉರ್ದುವಿನಲ್ಲಿ ಹೇಳಿದ್ದನ್ನು ಕನ್ನಡದಲ್ಲಿ ಹೀಗೆ ಬರೆಯಬಹುದು:

"ಗಲೀಜಿತ್ತು, ಅದಕ್ಕೇ ಒಡೆದ್ವಿ ಅಂತ ಅವರು ಅನ್ನಬಾರದು."

ನಾನು ಕರ್ಚೀಫು ತೆಗೆದು ಕಟ್ಟೆಯ ಆ ತುದಿಯಿಂದ ಒರೆಸತೊಡಗಿದೆ. ಒಂದು ಹನಿ ನೀರೂ ಉಳಿಯದಂತೆ ಒರೆಸಿದ ಮೇಲೆ ಅವಳ ಕೈ ಹಿಡಿದು, ಒಂದೊಂದೇ ಮೆಟ್ಟಿಲು, ಕೆಳಗಿಳಿಸಿದೆ.