ಸಂಡಿಗೆ ಕಾಲದಲ್ಲಿ ಪಿಂಕಿಯ ಕೂದಲು

ವಠಾರದ ಅಂಗಳ ಗುಡಿಸುವವಳು ನಾನು, ನನ್ನ ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು, ಮಾತುಗಳೂ ಹೆಚ್ಚು ಬಾರವು, ಓದುವವರು ಸಹಿಸಿಕೊಳ್ಳಬೇಕು. ಬಸವೇಶ್ವರನಗರದ ನಮ್ಮ ವಠಾರದ ಓನರ್ ಶ್ಯಾಮಸುಂದರ ರಾಯರಿಗೆ ಬೇಸಿಗೆ ಬಂತೆಂದರೆ ನಾಯಿ ಬಾಚುವುದೇ ಕೆಲಸ. ಅವರ ಬಿಳಿ ಪೊಮೇರಿಯನ್ ಪಿಂಕಿ ಕೂದಲು ಉದುರಿಸುವ ಕಾಲವೂ ಹೆಂಡತಿ ಅನಂತಲಕ್ಷ್ಮಮ್ಮ ಮಹಡಿಯ ಮೇಲೆ ಸಂಡಿಗೆ ಇಡುವ ಕಾಲವೂ ಒಂದೇ. "ಈ ಸಲ ಸಂಡಿಗೇಲಿ ಒಂದೇ ಒಂದು ಕೂದ್ಲು ಸಿಗ್ಲಿ, ಈ ನಾಯೀನ ಕೆಂಗೇರಿಗೆ ನಮ್ಮಣ್ಣನ ಮನೆಗೆ ಸಾಗಿಸ್ತೀನಿ, ನೋಡ್ತಾ ಇರಿ" ಎಂದು ಆಕೆ ಹೇಳಿದಂದಿನಿಂದ ರಾಯರಿಗೆ ನಿದ್ದೆಯಿಲ್ಲ. ಹಲ್ಲುಜ್ಜುವ ಮೊದಲೇ ಹೇನಿನ ಬಾಚಣಿಗೆ ಹಿಡಿದು ಮೆಟ್ಟಿಲ ಮೇಲೆ ಕೂರುತ್ತಾರೆ. "ಸ್ವಲ್ಪ ಆ ಕಡೆ ತಿರುಗಮ್ಮ, ನೋವಾಯ್ತೇನಮ್ಮ" ಎಂದು ಬೇಡುತ್ತಾ ಬಾಚುತ್ತಾರೆ. ಬಾಚಿದಷ್ಟೂ ಇನ್ನೊಂದು ನಾಯಿಗಾಗುವಷ್ಟು ಕೂದಲು ಬರುತ್ತದೆ. ಅದು ಹಾರದಂತೆ ನೀರು ಚಿಮುಕಿಸಿ ಚೀಲಕ್ಕೆ ತುಂಬುತ್ತಾರೆ. ಅಂಟಿದ್ದು ಕಾಣದಿರಲೆಂದು ಯುಗಾದಿ ಕಳೆದ ಮೇಲೆ ಬಿಳಿ ಅಂಗಿಯನ್ನೇ ತೊಡುತ್ತಾರೆ, ಆದರೂ ಆಫೀಸಿನಲ್ಲಿ "ಏನ್ ಸಾರ್, ಬೇಸಿಗೇಲೂ ಸ್ವೆಟರ್ರಾ?" ಎಂದು ಕಾಡಿಸುತ್ತಾರಂತೆ. ನಿನ್ನೆ ಮಹಡಿಗೆ ಬಂದ ಎದುರು ಮನೆಯ ಸತ್ಯವತಿ ಸಂಡಿಗೆಯೊಂದನ್ನು ಎತ್ತಿ, "ಇದೇನ್ರೀ, ಬಿಳೀ ಕೂದ್ಲು!" ಎಂದರು. ಅಲ್ಲೇ ಕಾವಲು ನಿಂತಿದ್ದ ರಾಯರ ಕೈಯಿಂದ ಬಾಚಣಿಗೆ ಜಾರಿತು. ಅನಂತಲಕ್ಷ್ಮಮ್ಮ ಸಂಡಿಗೆಯನ್ನು ಕಸಿದುಕೊಂಡು, "ನಂದೇ ಕಣ್ರೀ, ವಯಸ್ಸಾಯ್ತಲ್ಲ" ಎಂದರು. ರಾಯರು ಹೆಂಡತಿಯ ಜಡೆಯನ್ನೇ ನೋಡುತ್ತಾ ನಿಂತುಬಿಟ್ಟರು. ಅದರಲ್ಲಿ ಹುಡುಕಿದರೂ ಒಂದು ನರೆಗೂದಲಿಲ್ಲ. ಈಗ ಈ ಹಾಳೆಗೆ ಅಂಟಿರುವ ಕೂದಲನ್ನು ತೆಗೆದು ಅಂಗಳ ಗುಡಿಸಲು ಹೋಗುತ್ತೇನೆ.