ಗಲಗಲಕ್ಕನ ಟ್ರೇಯನ್ನು ಯಾರೂ ಅನುಮಾನಿಸುವುದಿಲ್ಲ

ಬೆಳಗಿನ ಐದೂವರೆ. ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಗಲಗಲಕ್ಕ ಕತ್ತರಿಯೊಂದನ್ನು ದೀಪಕ್ಕೆ ಹಿಡಿದು ಕಣ್ಣು ಕಿರಿದು ಮಾಡಿದ್ದಾರೆ. ಆಗಷ್ಟೇ ತೊಳೆದು ಬಂದ ಕತ್ತರಿ, ಫಳಫಳ ಹೊಳೆಯುತ್ತಿದೆ. ಅದಕ್ಕೇ ಅವರಿಗೆ ಅನುಮಾನ. ಸಣ್ಣ ಬ್ರಷ್ಷಿನಿಂದ ಕೀಲಿನ ಸಂದಿ ಕೆದಕಿದರೆ ಸಾಸಿವೆಗಿಂತ ಚಿಕ್ಕದೊಂದು ಕಂದು ಚುಕ್ಕೆ ಹೊರಬರುತ್ತದೆ. "ನೋಡಿದ್ರಾ ಕಳ್ಳೀನ! ಮೇಲೆಲ್ಲ ತಳುಕು, ಒಳಗೆಲ್ಲ ಹುಳುಕು" ಎಂದು ನಗುತ್ತಾರೆ. ಆ ನಗು ಕಾರಿಡಾರಿನ ಆಚೆ ತುದಿಗೂ ಕೇಳುತ್ತದೆ. ಹೆಸರು ಬಂದಿದ್ದೂ ಅದರಿಂದಲೇ.

ಆಪರೇಷನ್‌ಗೆ ಬೇಕಾದ ಉಪಕರಣಗಳನ್ನು ಎಣಿಸಿ, ಟ್ರೇಗೆ ಜೋಡಿಸಿ, ಬಟ್ಟೆ ಸುತ್ತಿ, ಕ್ರಿಮಿ ಕೊಲ್ಲುವ ಹಬೆಯ ಯಂತ್ರಕ್ಕೆ ಕೊಡುವುದು ಹತ್ತೊಂಬತ್ತು ವರ್ಷಗಳಿಂದ ಇವರ ಕೆಲಸ. ದಿನಕ್ಕೆ ಮೂವತ್ತು ಟ್ರೇ, ಒಂದೊಂದರಲ್ಲೂ ನಲವತ್ತರಿಂದ ಎಪ್ಪತ್ತು ಉಪಕರಣ. ಸುತ್ತುವ ಮೊದಲು ಒಳಗೊಂದು ಕಾಗದದ ಪಟ್ಟಿ ಇಡಬೇಕು. ಹಬೆ ಹೊಕ್ಕರೆ ಅದು ಕಪ್ಪಾಗುತ್ತದೆ. "ಹೊರಗಿನ ಟೇಪೂ ಕಪ್ಪಾಗುತ್ತೆ. ಅದನ್ನ ನಂಬೋ ಹಾಗಿಲ್ಲ, ಮೇಲೆ ಬಿಸಿ ತಾಗಿದೆ ಅಂತಷ್ಟೇ ಅದರ ಅರ್ಥ." ಪಟ್ಟಿಯಿಲ್ಲದ ಟ್ರೇಯನ್ನು ಆಪರೇಷನ್ ಥಿಯೇಟರಿನವರು ಮುಟ್ಟುವುದಿಲ್ಲ.

ಇವರನ್ನು ಮಾತ್ರ ಎಲ್ಲರೂ ಹೊರಗಿನಿಂದಲೇ ನಂಬಿದ್ದರು. ಎರಡು ವರ್ಷಗಳಿಂದ ಬೆಳಗಾದರೆ ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು, ಬೋರಲು ಹಾಕಿದ ಬಕೆಟ್ಟಿನ ಮೇಲೆ ಇಪ್ಪತ್ತು ನಿಮಿಷ ಕೂತಿರುತ್ತಿದ್ದರು. "ಅಳುನೂ ಬರ್ತಿರಲಿಲ್ಲ ಕಣ್ರೀ. ಬಂದಿದ್ರೆ ವಾಸಿ ಇತ್ತು. ಸುಮ್ನೆ ಕೂತಿರೋದು, ಅಷ್ಟೇ." ಆಮೇಲೆ ಎದ್ದು ಮುಖ ತೊಳೆದು, ಒಂದು ತಮಾಷೆ ಮಾಡಿಯೇ ಮನೆ ಬಿಡುತ್ತಿದ್ದರು. ಒಮ್ಮೆ ಸುಸ್ತು ಎಂದಾಗ ಟೈಲರ್ ಗಂಡ ಸೂಜಿಯಿಂದ ಕಣ್ಣೆತ್ತದೆ, "ಗುಂಡುಕಲ್ಲಿನ ಹಾಗಿದ್ದೀಯಲ್ಲೇ, ನಿಂಗೇನು ಧಾಡಿ?" ಎಂದಿದ್ದರು.

ಯಾರಾದರೂ "ಚೆನ್ನಾಗಿದ್ದೀರಾ ಅಕ್ಕಾ?" ಎಂದರೆ ಸಾಕು, ಅನುಮಾನ ಶುರು. ಯಾಕೆ ಕೇಳಿದರು? ಯಾರು ಹೇಳಿದರು? ಆ ದಿನ ನಗು ಇನ್ನೊಂದು ಪಟ್ಟು ಜೋರು. ಎರಡು ಬಸ್ ಬದಲಿಸಿ, ಊರಿನ ಇನ್ನೊಂದು ತುದಿಯ ಡಾಕ್ಟರಿಂದ ತಂದ ಮಾತ್ರೆ ಗಂಟಲುನೋವಿನ ಮಿಠಾಯಿ ಡಬ್ಬಿಯಲ್ಲಿ ಅಡಗಿತ್ತು. "ತಲೆ ಕೆಟ್ಟೋಳ ಕೈಗೆ ಟ್ರೇ ಕೊಡ್ತಾರಾ? ಬಕೆಟ್ ಮೇಲಿಂದ ಏಳ್ತಿದ್ದಿದ್ದೇ ಈ ಮೇಜಿಗೋಸ್ಕರ. ಇದನ್ನೂ ಕಿತ್ಕೊಂಡ್ರೆ?"

ಎರಡು ತಿಂಗಳ ಹಿಂದೆ ಒಂದು ಟ್ರೇ ಥಿಯೇಟರಿನಿಂದ ವಾಪಸು ಬಂತು. ಒಳಗೆ ಪಟ್ಟಿ ಇರಲಿಲ್ಲ. ಟ್ರೇಗೆ ಅಂಟಿಸಿದ ಚೀಟಿಯಲ್ಲಿದ್ದದ್ದು ಮೇಜಿನ ನಂಬರು ಮಾತ್ರ, ಆ ಮೇಜಿನಲ್ಲಿ ಇಬ್ಬರು: ಗಲಗಲಕ್ಕ, ಮತ್ತು ಅದಕ್ಕೂ ಮೂರು ತಿಂಗಳ ಹಿಂದೆ ಸೇರಿದ್ದ, ನಲವತ್ತು ದಾಟಿದ ಹೊಸಬಳು. ಹಿರಿಯ ಸಿಸ್ಟರ್ ನೇರ ಹೊಸಬಳ ಮೇಲೇ ಹರಿಹಾಯ್ದರು. "ಏನಮ್ಮಾ, ಇದೇನು ಟ್ರೇನೋ ತರಕಾರಿ ಬುಟ್ಟಿನೋ? ನಾಳೆಯಿಂದ ಬರೋದು ಬೇಡ."

ಬಟ್ಟೆ ಮಡಿಸಿದ ರೀತಿ ನೋಡಿದ ಕೂಡಲೇ ಗಲಗಲಕ್ಕನಿಗೆ ಅದು ಯಾರದೆಂದು ಗೊತ್ತಾಗಿತ್ತು. ಬಾಯಿ ಮುಚ್ಚಿಕೊಂಡಿದ್ದರೆ ಮುಗಿದೇ ಹೋಗುತ್ತಿತ್ತು.

"ಸಿಸ್ಟರ್, ಅದು ನಂದು."

"ಸುಮ್ನಿರಿ ಅಕ್ಕಾ, ಅವಳನ್ನ ವಹಿಸ್ಕೊಂಡು ಬರಬೇಡಿ."

"ವಹಿಸ್ಕೊಂಡಿಲ್ಲ. ಕೈ ಕೆಲಸ ಮಾಡ್ತಿತ್ತು, ನಾನಿರಲಿಲ್ಲ. ಎರಡು ವರ್ಷದಿಂದ ಮನಸ್ಸಿಗೆ ಹುಷಾರಿಲ್ಲ. ಮಾತ್ರೆ ತಗೋತಿದ್ದೀನಿ."

ಸಿಸ್ಟರ್ ಬಿದ್ದು ಬಿದ್ದು ನಕ್ಕರು. "ನಿಮಗಾ? ನಿಮ್ಮ ಹತ್ರ ಬಂದ್ರೆ ಆ ಕಾಯಿಲೆನೇ ನಕ್ಕೊಂಡು ವಾಪಸ್ ಹೋಗುತ್ತೆ!" ಹೊಸಬಳೂ ನಂಬಲಿಲ್ಲ. ಈಯಮ್ಮ ನನ್ನನ್ನು ಉಳಿಸಿ ಏನು ಕೇಳುತ್ತಾಳೋ ಎಂಬ ಗುಮಾನಿ ಅವಳ ಮುಖದಲ್ಲೇ ಇತ್ತು. ಕೊನೆಗೆ ಗಲಗಲಕ್ಕ ಡಬ್ಬಿ ತೆಗೆದು ಮೇಜಿನ ಮೇಲಿಟ್ಟರು. ಮಾತ್ರೆಯ ಹೆಸರು ಓದಿದ ಸಿಸ್ಟರ್ ನಗು ನಿಲ್ಲಿಸಿ ಸ್ಟೂಲು ಎಳೆದುಕೊಂಡು ಕೂತರು.

ಮೇಜು ಹೋಗಲಿಲ್ಲ, ಹೊಸಬಳೂ ಉಳಿದಳು. ಅಂದಿನಿಂದ ಒಬ್ಬರ ಟ್ರೇಯನ್ನು ಇನ್ನೊಬ್ಬರು ಎಣಿಸಿ ಎರಡನೇ ಸಹಿ ಹಾಕಬೇಕು. ಡಾಕ್ಟರ ಬಳಿಗೆ ಈಗ ಗಂಡನೂ ಬರುತ್ತಾರೆ, ದಾರಿಯುದ್ದಕ್ಕೂ ಗೊಣಗುತ್ತ. ವಾಸಿಯಾಗಿದೆಯೇ? "ಕೆಲವು ದಿನ. ಬಕೆಟ್ ಮೇಲೆ ಕೂರೋದು ಪೂರ್ತಿ ತಪ್ಪಿಲ್ಲ. ಆದ್ರೆ ತಡವಾದ್ರೆ ಅವರು ಬಾಗಿಲು ತಟ್ತಾರೆ."

ಆದರೂ ಗಲಗಲಕ್ಕನಲ್ಲಿ ಹೊಸ ಗುಮಾನಿಯೊಂದು ಹುಟ್ಟಿತು. ಈ ಎರಡನೇ ಸಹಿ ನಿಯಮವೋ, ಕನಿಕರವೋ? ಪರೀಕ್ಷಿಸಲು ಒಂದು ದಿನ ಬೇಕೆಂದೇ ಒಂದು ಕ್ಲ್ಯಾಂಪ್ ಕಡಿಮೆ ಇಟ್ಟರು. ಹೊಸಬಳು ಎಣಿಸದೆ ಸಹಿ ಹಾಕಿದಳು. ಗಲಗಲಕ್ಕ ಅಂದು ಬೈದಷ್ಟು ಯಾರಿಗೂ ಎಂದೂ ಬೈದಿಲ್ಲವಂತೆ. "ನನ್ನ ಉಪಕಾರ ತೀರಿಸೋಕೆ ಆಪರೇಷನ್‌ಗೆ ಮಲಗಿರೋರ ಹೊಟ್ಟೆ ಬೇಕೇನೇ? ನನ್ನ ಮೇಲೇ ಮೊದಲು ಅನುಮಾನಪಡು!"

ಈ ಬೆಳಿಗ್ಗೆ ಏಳರ ಹೊತ್ತಿಗೆ ಹೊಸಬಳು ಟ್ರೇಯೊಂದನ್ನು ಮೇಜಿನ ಈಚೆಗೆ ದೂಡುತ್ತಾಳೆ.

"ಅಕ್ಕಾ, ಇದರಲ್ಲಿ ಒಂದು ಕತ್ತರಿ ಕಡಿಮೆ. ಬೇಕಂತ ಬಿಟ್ರೋ, ಮರೆತ್ರೋ?"

ಗಲಗಲಕ್ಕ ಎರಡು ಸಲ ಎಣಿಸುತ್ತಾರೆ. "ಮರೆತೆ ಕಣೇ" ಎನ್ನುತ್ತಾರೆ, ನಗದೆ. ಕತ್ತರಿ ಹುಡುಕಲು ಏಳುತ್ತ, ಹೊಸಬಳಿಗೆ ಕೇಳದಂತೆ ದನಿ ತಗ್ಗಿಸುತ್ತಾರೆ. "ಒಳ್ಳೇ ಕಣ್ಣು ಅವಳದು. ಕಲಿಸಿದ್ದು ನಾನೇ."