ಕುದುರೆ ತಾತನ ತಣ್ಣನೆಯ ಕೈ

ಸ್ಟೀಲ್ ಲೋಟ ಅಂಗೈ ಸುಡುತ್ತಿತ್ತು. ಕಾಫಿ ಹಿಡಿದುಕೊಂಡೇ ಟಿ.ವಿ. ಮುಂದೆ ಕೂತಿದ್ದೆ. ಕುದುರೆ ರೇಸಿನ ಕುರಿತು ಹೊಸ ಧಾರಾವಾಹಿಯೊಂದು ಶುರುವಾಗಿದೆ. ಈ ವಾರ ಎರಡು ಕಂತು ನೋಡಿದೆ. ಓಟದ ದೃಶ್ಯಗಳು ಚೆನ್ನಾಗಿವೆ. ಮಾಲೀಕನ ಮನೆಯ ಜಗಳಗಳು ಬೇರೆ ಕಡೆ ನೋಡಿದವೇ. ಲಾಯದಲ್ಲಿ ಒಂದು ನೊಣವೂ ಇಲ್ಲ. ಎರಡನೇ ಕಂತಿನಲ್ಲಿ, ಕುದುರೆ ನೋಡಿಕೊಳ್ಳುವವನು ಟೀ ಲೋಟ ಕೆಳಗಿಟ್ಟು, ನೇರ ಹೋಗಿ ಅದರ ಮುಂಗಾಲು ಸವರಿ, ಎಲ್ಲ ಸರಿಯಾಗಿದೆ ಎಂದ. "ಕೈ ನೆನೆಸ್ಕೋಬೇಕಿತ್ತು" ಎಂದು ಗಟ್ಟಿಯಾಗಿ ಹೇಳಿಬಿಟ್ಟೆ. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ.

ನಂಜನಗೂಡಿನಲ್ಲಿ ನಾವಿದ್ದ ವಠಾರದ ಕೊನೆಯ ಮನೆಯಲ್ಲಿ ತಿ. ನರಸೀಪುರದ ಕಡೆಯ ಮುದುಕರೊಬ್ಬರಿದ್ದರು. ಮೈಸೂರಿನಲ್ಲಿ ರೇಸ್ ಕುದುರೆ ಸಾಕಿದ್ದ ಯಜಮಾನರ ಬಳಿ ಬಹಳ ವರ್ಷ ದುಡಿದು, ಕೆಲಸ ಬಿಟ್ಟು ಬಂದವರು. ವಠಾರಕ್ಕೆಲ್ಲ ಕುದುರೆ ತಾತ. ಜೊತೆಗಿದ್ದ ಮಗಳು ಕಾರ್ಖಾನೆಗೆ ಹೋಗುತ್ತಿದ್ದಳು. ತಾತ ಬಿಸಿ ಲೋಟ ಮುಟ್ಟುತ್ತಲೇ ಇರಲಿಲ್ಲ. ಕಾಫಿಯನ್ನು ಜಗಲಿಯ ಮೇಲಿಟ್ಟು ಆರಿದ ಮೇಲೆ ಕುಡಿಯುತ್ತಿದ್ದರು. ಯಾರ ಮಗುವಿಗಾದರೂ ಮೈ ಬೆಚ್ಚಗಿದ್ದರೆ ಮೊದಲು ಬಕೆಟ್ಟಿನ ನೀರಿನಲ್ಲಿ ಕೈ ಅದ್ದಿ, ಒರೆಸಿಕೊಂಡು, ಆಮೇಲೆ ಹಣೆ ಮುಟ್ಟುತ್ತಿದ್ದರು.

"ಅಂಥಾ ತಣ್ಣನೆ ಕೈಗೆ ಕಂಬ ಮುಟ್ಟಿದ್ರೂ ಜ್ವರ ಕಣಣ್ಣ" ಎಂದು ಅಮ್ಮ ರೇಗಿಸುತ್ತಿದ್ದಳು.

"ನಗವ್ವ, ನಗು" ಎನ್ನುತ್ತಿದ್ದರು ತಾತ.

ಕಾರಣವನ್ನು ನನಗೊಮ್ಮೆ ಹೇಳಿದ್ದರು. ಓಡಿಸುವ ದಿನ ಬೆಳಿಗ್ಗೆ ಕುದುರೆಯ ಕಾಲುಗಳನ್ನು ಅಂಗೈಯಿಂದ ಸವರಿ ನೋಡಬೇಕು. ಒಂದು ಕಾಲು ಮತ್ತೊಂದಕ್ಕಿಂತ ಬೆಚ್ಚಗಿದ್ದರೆ ಒಳಗೆ ಪೆಟ್ಟಾಗಿದೆ ಎಂದರ್ಥ, ಓಡಿಸಬಾರದು. "ಒಂದಿನ ಚಳಿ ಕಣವ್ವ. ಬೆಂಕಿ ಕಾಯಿಸ್ಕೊಂಡು ಎದ್ದೋಗಿ ಕಾಲು ಮುಟ್ದೆ. ನನ್ ಕೈಯೇ ಸುಡ್ತಿತ್ತು, ಅದ್ರ ಕಾಲಿನ ಬಿಸಿ ಎಲ್ ಗೊತ್ತಾದದು? ಸರ್ಯಾಗದೆ ಸಾ ಅಂದ್ಬುಟ್ಟೆ." ಅಂದು ಮಧ್ಯಾಹ್ನ ಓಟದ ತಿರುವಿನಲ್ಲಿ ಅದರ ಕಾಲು ಮುರಿಯಿತು. ಸುತ್ತ ಪರದೆ ಹಿಡಿದು, ಸಾಯಿಸುವ ಸೂಜಿ ಹಾಕಿದರಂತೆ. ಪರದೆಯೊಳಗೆ ಅದರ ತಲೆ ಹಿಡಿದು ಕೂತಿದ್ದವರು ಇವರೇ... ಅಥವಾ ಅಷ್ಟು ಭಾಗ ನಾನು ಸೇರಿಸಿಕೊಂಡದ್ದೋ. ಆ ದಿನದ ನನ್ನ ಡೈರಿಯಲ್ಲಿರುವುದು ಒಂದೇ ಸಾಲು: ತಾತ ಕುದುರೆ ಸತ್ತದ್ದನ್ನು ಹೇಳಿದರು.

ನಾನು ಎಂ.ಎ. ಪರೀಕ್ಷೆಗೆ ಓದುತ್ತಿದ್ದಾಗ, ಒಂದು ಮಧ್ಯಾಹ್ನ ತಾತ ಜಗಲಿಯಲ್ಲಿ ಕಂಬಳಿ ಹೊದ್ದು ಕೂತಿದ್ದರು. ಮಗಳು ಕೆಲಸಕ್ಕೆ ಹೋಗಿದ್ದಳು.

"ಮೈ ಸುಡ್ತದಾ ನೋಡವ್ವ."

ಕೈಯಲ್ಲಿದ್ದ ಕಾಫಿ ಲೋಟ ಕೆಳಗಿಟ್ಟು ಹಣೆ ಮುಟ್ಟಿದೆ. "ಏನಿಲ್ಲ ತಾತ, ತಣ್ಣಗಿದ್ದೀರಿ."

"ಕೈ ನೆನೆಸ್ಕಂಡು ನೋಡು."

"ಎಲ್ಲರಿಗೂ ಜ್ವರ ಬರಿಸಿ ಆಯ್ತು, ಈಗ ನಿಮ್ಮ ಸರದಿನಾ?" ಎಂದು ನಕ್ಕು ಒಳಗೆ ಹೋದೆ. ಬಕೆಟ್ಟು ಅಲ್ಲೇ ಬಾಗಿಲ ಬಳಿ ಇತ್ತು.

ಸಂಜೆ ಮಗಳು ಆಸ್ಪತ್ರೆಗೆ ಹೋಗೋಣವೆಂದಾಗ ತಾತ ಬೇಡವೆಂದರಂತೆ. ಓದಿದ ಹುಡುಗಿ ನೋಡಿದ್ದಾಳೆ, ಏನಿಲ್ಲ ಅಂದಳು ಎಂದರಂತೆ. ಬೆಳಿಗ್ಗೆ ಎಚ್ಚರವಿರಲಿಲ್ಲ. ಮೈಸೂರಿನ ಆಸ್ಪತ್ರೆಗೆ ಸೇರಿಸಿದ ಮೂರನೇ ದಿನ ಹೋಗಿಬಿಟ್ಟರು. ಒಂದು ದಿನ ಮುಂಚೆ ತಂದಿದ್ದರೆ ಎಂದು ಡಾಕ್ಟರು ಹೇಳಿದರಂತೆ.

ತಿಥಿಯ ದಿನ ಮಗಳು ಕೇಳಿದಳು: "ನೀವು ಮುಟ್ಟಿ ನೋಡಿದ್ರಂತಲ್ಲ, ಅಕ್ಕ?"

"ನೋಡಿದ್ದೆ" ಎಂದೆ. ಲೋಟದ ವಿಷಯ ಹೇಳಲಿಲ್ಲ.

ಆದರೆ ಲೋಟ ಇತ್ತೇ? ಇಷ್ಟು ವರ್ಷ ನನ್ನ ನೆನಪಿನಲ್ಲಿ ಆ ಕೈಯಲ್ಲಿದ್ದದ್ದು ಪುಸ್ತಕ. ಲೋಟ ಈ ವಾರ ಧಾರಾವಾಹಿಯಿಂದ ನನ್ನ ಕೈಗೆ ಬಂದಿರಲೂಬಹುದು. ಲೋಟವಿದ್ದರೆ ತಪ್ಪು ಅಂಗೈಯದು. ಇಲ್ಲದಿದ್ದರೆ, ಸುಡುವ ಹಣೆಯನ್ನು ಸರಿಯಾಗಿ ಮುಟ್ಟದೆಯೇ ತಣ್ಣಗಿದೆ ಎಂದಿದ್ದೇನೆ. ತಾತನ ಬೆಂಕಿಯೂ ಹೀಗೆಯೇ ಆಮೇಲೆ ಬಂದದ್ದೋ ಏನೋ... ಕೇಳಲು ಅವರಿಲ್ಲ.

ಟಿ.ವಿ. ಆರಿಸಿ, ನಲ್ಲಿಯ ಕೆಳಗೆ ಕೈಯೊಡ್ಡಿ, ಅದು ಜೋಮು ಹಿಡಿಯುವವರೆಗೆ ನಿಂತಿದ್ದೆ. ವಠಾರ ಕೆಡವಿ ಬಹಳ ಕಾಲವಾಯಿತು. ತಾತನ ಮಗಳು ನರಸೀಪುರದಲ್ಲೇ ಇದ್ದಾಳೆಂದು ಯಾರೋ ಹೇಳಿದ್ದರು. ಇಲ್ಲಿಂದ ಒಂದು ಗಂಟೆಯ ಬಸ್ಸು. ನಾನು ಒಮ್ಮೆಯೂ ಹತ್ತಿಲ್ಲ.